ದಾಖಲೆಯಲ್ಲಿ 1951ರ ಷೆವರ್ಲೆ 3100, ಆದರೆ 1951ರ ಬ್ರೇಕ್ ಶೂ ಕೂರುತ್ತಿಲ್ಲ

ಹಸಿರುಗಾಡಿ:
ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಷೆವರ್ಲೆ 3100 ಪಿಕಪ್ ಟ್ರಕ್ಕನ್ನು ಮತ್ತೆ ರಸ್ತೆಗಿಳಿಸಬೇಕೆಂದು ಶೆಡ್ಡಿನಿಂದ ಹೊರಗೆಳೆದು ಎಂಟು ತಿಂಗಳಾಯಿತು. ದಾಖಲೆಯಲ್ಲಿ 1951 ಅಂತಿದೆ. ಅದನ್ನೇ ನಂಬಿ ನಾಲ್ಕೂ ಚಕ್ರದ ಬ್ರೇಕ್ ಶೂ, ವೀಲ್ ಸಿಲಿಂಡರ್ ಕಿಟ್, ಬಾಗಿಲಿನ ಗಾಜಿನ ರಬ್ಬರ್, ಎಂಜಿನ್‌ನ ಕನೆಕ್ಟಿಂಗ್ ರಾಡ್ ಬೇರಿಂಗ್ ಎಲ್ಲ ಒಟ್ಟಿಗೇ ತರಿಸಿದೆ.

ಮುಂದಿನ ಬಲ ಚಕ್ರ ಬಿಚ್ಚಿ ಹೊಸ ಶೂ ಹಿಡಿದು ನೋಡಿದರೆ ಡ್ರಮ್ಮಿನ ಸುತ್ತಳತೆಗೆ ಸರಿಯಿದೆ, ಆದರೆ ಶೂವಿನ ಕೆಳತುದಿ ಕೂರುವ ಜಾಗವೇ ಬೇರೆ. ಗಾಜಿನ ರಬ್ಬರ್ ಸೆಟ್ಟಿನಲ್ಲಿ ಮುಂದಿನ ಮೂಲೆಯ ತ್ರಿಕೋನ ಕಿಟಕಿಗೆಂದು ಒಂದು ತುಂಡಿದೆ, ನನ್ನ ಬಾಗಿಲಿನಲ್ಲಿ ಆ ಕಿಟಕಿಯೇ ಇಲ್ಲ. ಮಾರಿದವರಿಗೆ ಕೇಳಿದರೆ, 1951 ಅಂತ ನೀವೇ ಹೇಳಿದಿರಿ, ಅದನ್ನೇ ಕಳಿಸಿದ್ದೇವೆ ಅಂದರು. ಅವರು ಹೇಳಿದ್ದೂ ಸರಿಯೇ. ಹಾಗಾದರೆ ಇದು ಯಾವ ವರ್ಷದ ಗಾಡಿ? ಎಲ್ಲಿಂದ ಹುಡುಕಾಟ ಶುರು ಮಾಡಲಿ?

ಕೀಲೆಣ್ಣೆ:
ಮೊದಲು ದಾಖಲೆ ಪಕ್ಕಕ್ಕಿಡಿ. ಎಷ್ಟೋ ಹಳೆಯ ಟ್ರಕ್ಕುಗಳ ದಾಖಲೆಯಲ್ಲಿ ಇರುವುದು ಮಾರಾಟವಾದ ಅಥವಾ ನೋಂದಣಿಯಾದ ವರ್ಷ, ತಯಾರಾದ ವರ್ಷವಲ್ಲ. ಡ್ರೈವರ್ ಬಾಗಿಲು ತೆರೆದರೆ ಬಾಗಿಲ ಕಂಬದ ಮೇಲೆ ಸಣ್ಣದೊಂದು ಲೋಹದ ಪಟ್ಟಿ ಸಿಗಬೇಕು. ಅದರಲ್ಲಿ ಮೊದಲು ಕಾರ್ಖಾನೆಯ ಅಂಕಿ, ಆಮೇಲೆ ಎರಡು ಅಕ್ಷರ. ಅರ್ಧ ಟನ್ನಿನ 3100ಕ್ಕೆ ಆ ಜೋಡಿ ಅಕ್ಷರ ಜಿಪಿ ಆದರೆ 1949, ಎಚ್‌ಪಿ ಆದರೆ 1950, ಜೆಪಿ ಆದರೆ 1951, ಕೆಪಿ ಆದರೆ 1952. ಬಣ್ಣ ಬಳಿದು ಮುಚ್ಚಿಹೋಗಿದ್ದರೆ ಉಜ್ಜುಕಾಗದ ಮುಟ್ಟಿಸಬೇಡಿ. ಥಿನ್ನರ್ ಹಾಕಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಆಡಿಸಿ.

ನೀವು ಹೇಳಿದ ಎರಡು ಲಕ್ಷಣ ಕೇಳಿದರೆ ನನಗೆ 1950 ಅನ್ನಿಸುತ್ತದೆ. ಬಾಗಿಲಿನ ತ್ರಿಕೋನ ಕಿಟಕಿ ಬಂದದ್ದು 1951ರಲ್ಲಿ. ಬ್ರೇಕ್ ಕೂಡ ಬದಲಾದದ್ದು ಅದೇ ವರ್ಷ, 1950ರವರೆಗೆ ಹಕ್ ಎಂಬ ನಮೂನೆಯ ಬ್ರೇಕ್, 1951ರಿಂದ ಬೆಂಡಿಕ್ಸ್ ಎಂಬ ನಮೂನೆಯದು.

ಈ ಸರಣಿ ಹೊರಗಿನಿಂದ ಒಂದೇ ತರ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ. 1947ರ ನಡುವಿನಲ್ಲಿ ಶುರುವಾಗಿ 1955ರ ಆರಂಭದವರೆಗೆ ಬಂತು, ಒಳಗೆ ಮಾತ್ರ ಬದಲಾಗುತ್ತಲೇ ಹೋಯಿತು. ಪೆಟ್ರೋಲ್ ಟ್ಯಾಂಕ್ 1949ರಲ್ಲಿ ಕ್ಯಾಬಿನ್ನಿನೊಳಗೆ ಸೀಟಿನ ಹಿಂದಕ್ಕೆ ಬಂತು. 1950ರಲ್ಲಿ ಸನ್ನೆಕೋಲಿನ ಶಾಕ್ ಅಬ್ಸಾರ್ಬರ್ ಹೋಗಿ ಕೊಳವೆಯಾಕಾರದ್ದು ಬಂತು. 1952ರಲ್ಲಿ ಬಾಗಿಲ ಹಿಡಿಕೆ ತಿರುಗಿಸುವುದರಿಂದ ಗುಂಡಿ ಒತ್ತುವುದಕ್ಕೆ ಬದಲಾಯಿತು. 1954ರಲ್ಲಿ ಮುಂಗಾಜು ಒಂದೇ ತುಂಡಾಯಿತು, ಗ್ರಿಲ್ಲೂ ಡ್ಯಾಶ್‌ಬೋರ್ಡೂ ಹೊಸದಾದವು. 1955ರಂತೂ ಎಲ್ಲಕ್ಕಿಂತ ಕಷ್ಟ. ಆ ವರ್ಷ ಮೊದಲ ಸರಣಿ, ಎರಡನೇ ಸರಣಿ ಅಂತ ಎರಡು ಬೇರೆಯೇ ಟ್ರಕ್ಕುಗಳು ಬಂದವು. ಮೊದಲನೆಯದು ಹಳೇ ದೇಹ, 6 ವೋಲ್ಟ್. ಎರಡನೆಯದು ಹೊಸ ದೇಹ, 12 ವೋಲ್ಟ್. ಬರೀ 1955 ಅಂತ ಹೇಳಿ ಬಿಡಿಭಾಗ ಕೇಳಿದವರಿಗೆ ಯಾವುದಾದರೂ ಬರಬಹುದು.

ಹಸಿರುಗಾಡಿ:
ಪಟ್ಟಿ ಸಿಕ್ಕಿತು! ಎರಡು ಪದರ ಹಸಿರು ಬಣ್ಣದ ಕೆಳಗಿತ್ತು. ಎಚ್‌ಪಿ. ಅಂದರೆ 1950. ಇಷ್ಟು ವರ್ಷ ಮನೆಯವರೆಲ್ಲ ಇದನ್ನು ಐವತ್ತೊಂದರ ಗಾಡಿ ಅಂತಲೇ ಕರೆಯುತ್ತಿದ್ದೆವು.

ಶೂಗಳನ್ನು ವಾಪಸ್ ಕಳಿಸಿ 1950ರದ್ದು ತರಿಸುತ್ತೇನೆ. ತುಂಬಾ ಉಪಕಾರವಾಯಿತು.

ತಿರುಪು:
ತಡೀರಿ ಸಾರ್, ಹಾಗೇ ತರಿಸಬೇಡಿ. ಹಿಂದಿನ ಚಕ್ರ ಬಿಚ್ಚಿ ನೋಡಿದ್ದೀರಾ? ಪಟ್ಟಿ ಹೇಳೋದು ಗಾಡಿ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತು ಅನ್ನೋದನ್ನ. ಅದಾದ ಮೇಲೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಎಷ್ಟು ಕೈ ಬಿದ್ದಿದೆಯೋ ಯಾರಿಗೆ ಗೊತ್ತು. ದುಡಿಯೋ ಗಾಡಿ ಇದು. ಆಕ್ಸಲ್ ಮುರಿದರೆ ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಗಾಡಿಯ ಆಕ್ಸಲ್ ಎತ್ತಿ ಹಾಕಿರ್ತಾರೆ. ನಾಲ್ಕೂ ಡ್ರಮ್ ಬಿಚ್ಚಿ, ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಗುರುತು ಹೇಳ್ತೀನಿ. ಕೆಳಗಡೆ ಎರಡು ಶೂಗಳ ನಡುವೆ ಹಲ್ಲಿರೋ ಸಣ್ಣ ಚಕ್ರದ ತಿರುಪು ಅಡ್ಡ ಕೂತಿದ್ದು, ಮೇಲೆ ಒಂದೇ ಒಂದು ಆಂಕರ್ ಪಿನ್ನಿಗೆ ಎರಡೂ ಶೂ ಒರಗಿದ್ದರೆ ಅದು ಬೆಂಡಿಕ್ಸ್. ಹಕ್‌ನಲ್ಲಿ ಕೆಳಗೆ ಆ ಸ್ಟಾರ್ ವೀಲ್ ಇರಲ್ಲ.

ಹಸಿರುಗಾಡಿ:
ತಿರುಪು ಅವರೇ, ನೀವು ಹೇಳದಿದ್ದರೆ ಎರಡನೇ ಸಲವೂ ತಪ್ಪುತ್ತಿದ್ದೆ. ಮುಂದಿನ ಎರಡು ಚಕ್ರದಲ್ಲಿ ಸ್ಟಾರ್ ವೀಲ್ ಇಲ್ಲ. ಹಿಂದಿನ ಎರಡರಲ್ಲೂ ಇದೆ! ಮೊದಲು ತರಿಸಿದ 1951ರ ಶೂ ಹಿಂದಕ್ಕೆ ಹಿಡಿದು ನೋಡಿದೆ, ಕೀಲಿಗೆ ಕೀಲು ಕೂತಿತು.

ಅಂದರೆ ಹಿಂದಿನ ಆಕ್ಸಲ್ ಬೇರೆ ಗಾಡಿಯದು. ಅಪ್ಪ ಒಮ್ಮೆ ಭಾರ ಹೇರಿಕೊಂಡು ಬರುವಾಗ ಹಿಂದೆ ಏನೋ ಮುರಿಯಿತು ಎಂದು ಹೇಳುತ್ತಿದ್ದ ನೆನಪು ಈಗ ಬಂತು. ಇನ್ನು ಯಾವ ಭಾಗವನ್ನು ನಂಬಲಿ? ಎಂಜಿನ್ ಕೂಡ ಬೇರೆ ಗಾಡಿಯದೇ?

ಲೇತ್‌ಮನೆ:
ಎಂಜಿನ್ ವಿಷಯ ನಾನು ಹೇಳುತ್ತೇನೆ, ದಿನವೂ ಬ್ಲಾಕುಗಳ ಜೊತೆಗೇ ಕೆಲಸ.

ಎರಕದ ಭಾಗಗಳ ಮೇಲೆ ಉಬ್ಬಿದ ಅಂಕಿಗಳಿರುತ್ತವೆ. ಅದು ಎರಕದ ಸಂಖ್ಯೆ, ಬಿಡಿಭಾಗದ ಸಂಖ್ಯೆಯಲ್ಲ. ಈ ವ್ಯತ್ಯಾಸ ತಿಳಿಯದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಒಂದೇ ಅಚ್ಚಿನಿಂದ ಬಂದ ಎರಕವನ್ನು ಕಾರ್ಖಾನೆಯಲ್ಲಿ ಎರಡು ಮೂರು ರೀತಿ ಕೊರೆದು, ತಿರುಪು ಕಡಿದು, ಬೇರೆ ಬೇರೆ ಬಿಡಿಭಾಗ ಮಾಡಿರುತ್ತಾರೆ. ಕ್ಯಾಟಲಾಗಿನಲ್ಲಿ ಎರಕದ ಸಂಖ್ಯೆ ಹುಡುಕಿದರೆ ಸಿಗದೇ ಇರಬಹುದು, ಸಿಕ್ಕರೂ ಇನ್ನೇನೋ ಆಗಿರಬಹುದು. ಎರಕದ ಸಂಖ್ಯೆ ಯಾವ ಕುಟುಂಬದ ಭಾಗ ಅಂತ ಹೇಳುತ್ತದೆ, ಅಷ್ಟೇ. ಕೂರುತ್ತದೋ ಇಲ್ಲವೋ ಅಂತ ಹೇಳುವುದು ವರ್ನಿಯರ್.

ಅದರ ಹತ್ತಿರ ಇನ್ನೊಂದು ಸಣ್ಣ ಗುರುತು ಇರುತ್ತದೆ, ಎರಕ ಹೊಯ್ದ ದಿನ. ಷೆವರ್ಲೆ ಬ್ಲಾಕಿನಲ್ಲಿ ಒಂದು ಅಕ್ಷರ, ನಂತರ ತಾರೀಕು, ನಂತರ ವರ್ಷದ ಕೊನೆಯ ಅಂಕಿ. ಅಕ್ಷರ ಎ ಅಂದರೆ ಜನವರಿ, ಬಿ ಫೆಬ್ರವರಿ, ಹೀಗೆ ಎಲ್ ಅಂದರೆ ಡಿಸೆಂಬರ್. ಸಿ 15 0 ಎಂದಿದ್ದರೆ ಮಾರ್ಚ್ 15, ಸೊನ್ನೆಯಲ್ಲಿ ಮುಗಿಯುವ ವರ್ಷ. ದಶಕ ಯಾವುದು ಎಂದು ಬೇರೆ ಲಕ್ಷಣಗಳಿಂದ ತಿಳಿಯಬೇಕು. ಎರಕದ ದಿನ ಗಾಡಿ ತಯಾರಾದ ದಿನಕ್ಕಿಂತ ಹಿಂದೆ ಇರಬೇಕು. ಮುಂದೆ ಇದ್ದರೆ ಎಂಜಿನ್ ಬದಲಾಗಿದೆ ಅನ್ನುವುದರಲ್ಲಿ ಅನುಮಾನವಿಲ್ಲ.

ಇನ್ನು ಎಂಜಿನ್ 216ಓ 235ಓ ಅಂತ ನೋಡಿ, ಆ ಅಂಕಿ ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ. ಎರಡೂ ಆರು ಸಿಲಿಂಡರಿನವು, ದೂರದಿಂದ ಅಣ್ಣತಮ್ಮಂದಿರ ಹಾಗೆ. ಮೇಲಿನ ವಾಲ್ವ್ ಕವರ್ ನಡುಮಧ್ಯದ ಎರಡು ನಟ್ಟಿನಲ್ಲಿ ನಿಂತಿದ್ದರೆ ಹಳೆಯ ನಮೂನೆ. ಅಂಚಿನಲ್ಲಿ ನಾಲ್ಕು ಸ್ಕ್ರೂ ಇದ್ದರೆ 1954ರಿಂದ ಈಚಿನ 235, ಬೇರಿಂಗುಗಳಿಗೆಲ್ಲ ಎಣ್ಣೆಯನ್ನು ಪೂರ್ಣ ಒತ್ತಡದಲ್ಲಿ ಕಳಿಸುವಂಥದ್ದು. ಡ್ಯಾಶ್‌ಬೋರ್ಡಿನ ಆಯಿಲ್ ಮೀಟರ್ 30 ಪೌಂಡಿಗೆ ಮುಗಿಯುತ್ತದೆಯೇ ನೋಡಿ. ಮುಗಿದರೆ ಗಾಡಿ 216ಕ್ಕೆ ಕಟ್ಟಿದ್ದು. ಆದರೆ ಎಂಜಿನ್ ಬದಲಿಸಿದವರು ಮೀಟರ್ ಬದಲಿಸದೇ ಬಿಟ್ಟಿರುತ್ತಾರೆ, ಹಾಗಾಗಿ ಇದನ್ನು ಕೊನೆಯ ಸಾಕ್ಷಿ ಮಾಡಿಕೊಳ್ಳಿ.

ನೀವು ತರಿಸಿದ ರಾಡ್ ಬೇರಿಂಗ್ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಡಬ್ಬಿ ಒಡೆಯಬೇಡಿ. 216 ಆಗಿದ್ದರೆ ರಾಡಿಗೆ ಬೇರಿಂಗ್ ಶೆಲ್, ಅಂದರೆ ತೆಗೆದು ಬದಲಿಸುವ ತೆಳು ಅರೆಬಳೆ, ಇಲ್ಲವೇ ಇಲ್ಲ. ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ರಾಡಿನೊಳಗೇ ಹೊಯ್ದು, ಅಳತೆಗೆ ಕೊರೆದಿರುತ್ತಾರೆ. ಸಡಿಲಾದರೆ ಕ್ಯಾಪ್ ಕೆಳಗಿನ ಶಿಮ್ ಎಂಬ ತೆಳು ಲೋಹದ ಹಾಳೆ ತೆಗೆದು ಬಿಗಿ ಮಾಡಬೇಕು, ಅದಕ್ಕೂ ಮೀರಿದರೆ ಮತ್ತೆ ಹೊಯ್ಯಿಸಬೇಕು. ಆ ರಾಡುಗಳ ಕೆಳಗೆ ಸೌಟಿನಂಥ ಡಿಪ್ಪರ್ ಇರುತ್ತದೆ, ಆಯಿಲ್ ಪ್ಯಾನಿನ ತೊಟ್ಟಿಯಿಂದ ಎಣ್ಣೆ ಮೊಗೆದುಕೊಳ್ಳಲು. ಅದನ್ನು ಬಗ್ಗಿಸಬೇಡಿ. ಅದರ ಎತ್ತರ ತಪ್ಪಿದರೆ ಎಣ್ಣೆ ಸಿಗುವುದಿಲ್ಲ.

ಹಸಿರುಗಾಡಿ:
ವಾಲ್ವ್ ಕವರ್ ನಡುವೆ ಎರಡು ನಟ್ಟು. ಮೀಟರ್ 30ಕ್ಕೆ ಮುಗಿಯುತ್ತದೆ. ಬ್ಲಾಕಿನ ಮೇಲೆ ಜಿ 18 2. ಲೇತ್‌ಮನೆಯವರ ಲೆಕ್ಕದಲ್ಲಿ ಜುಲೈ 18, ಎರಡರಲ್ಲಿ ಮುಗಿಯುವ ವರ್ಷ.

ಲೇತ್‌ಮನೆ:
216 ಟ್ರಕ್ಕುಗಳಲ್ಲಿ 1953ರವರೆಗೆ ಬಂತು. ಹಾಗಾಗಿ ನಿಮ್ಮದು 1952 ಇರಬಹುದು, 1942 ಕೂಡ ಆಗಬಹುದು. ಎರಕದ ಸಂಖ್ಯೆ ನೋಡಿದರೆ ದಶಕ ಬಗೆಹರಿಯುತ್ತದೆ. 1950ರ ಗಾಡಿಯ ಹುಟ್ಟಿನ ಎಂಜಿನ್ ಅಲ್ಲ ಎಂಬುದಂತೂ ಖಚಿತ. ಬೇಸರ ಮಾಡಿಕೊಳ್ಳಬೇಡಿ, ಕುಟುಂಬ ಅದೇ. ಬೇರಿಂಗ್ ವಾಪಸ್ ಕಳಿಸಿ. ಕ್ರ್ಯಾಂಕ್ ಜರ್ನಲನ್ನು, ಅಂದರೆ ರಾಡ್ ಕೂರುವ ದುಂಡು ಭಾಗವನ್ನು, ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿಗೆ ಅಳೆದು ಬರೆದಿಡಿ. ಹಿಂದೆ ಯಾರಾದರೂ 0.010 ಅಥವಾ 0.020 ಇಂಚು ಉಜ್ಜಿಸಿದ್ದರೆ ಬ್ಯಾಬಿಟ್ ಹೊಯ್ಯುವವರಿಗೆ ಆ ಅಳತೆ ಬೇಕೇ ಬೇಕು.

ಎರಡುಗೇರು:
ಇಷ್ಟು ಕಷ್ಟಪಡುವ ಬದಲು 1954ರ ನಂತರದ 235 ತಂದು ಹಾಕಬಾರದೇ? ಶೆಲ್ ಬೇರಿಂಗ್, ಪೂರ್ಣ ಒತ್ತಡದ ಎಣ್ಣೆ, ಬಿಡಿಭಾಗವೂ ಸುಲಭವಾಗಿ ಸಿಗುತ್ತದೆ. ನಾನು ಹಾಗೇ ಮಾಡಿದೆ, ನೆಮ್ಮದಿಯಾಗಿ ಓಡಿಸುತ್ತಿದ್ದೇನೆ.

ಕೀಲೆಣ್ಣೆ:
ಮಾಡಬಹುದು, ತಪ್ಪಲ್ಲ. ಆದರೆ ಎಂಜಿನ್ ಬದಲಿಸಿದರೆ ಸುತ್ತಲಿನ ಭಾಗಗಳ ಹುಡುಕಾಟ ಹೊಸದಾಗಿ ಶುರುವಾಗುತ್ತದೆ ಎನ್ನುವುದನ್ನೂ ಹೇಳಬೇಕು. ವಾಟರ್ ಪಂಪಿನ ಅಳತೆ ಬೇರೆ. ಹಳೆಯ ಪಂಪನ್ನೇ ಹೊಸ ಬ್ಲಾಕಿಗೆ ಕೂರಿಸಲು ಅಡಾಪ್ಟರ್ ತಟ್ಟೆ ಬೇಕು, ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಎದುರಿಗೆ ಸರಿಯಾಗಿ ನಿಲ್ಲುವುದಿಲ್ಲ. ಫ್ಲೈವೀಲಿನ ಹಲ್ಲು ಎಣಿಸಬೇಕು, 6 ವೋಲ್ಟ್ ಕಾಲದ್ದಕ್ಕೆ 139, 12 ವೋಲ್ಟ್ ಕಾಲದ್ದಕ್ಕೆ 168. ಸ್ಟಾರ್ಟರ್ ಯಾವ ಫ್ಲೈವೀಲಿಗೆ ಹೊಂದುತ್ತದೋ ಅದನ್ನೇ ತರಬೇಕು, ಒಂದನ್ನು ಬಿಟ್ಟು ಇನ್ನೊಂದು ಬದಲಿಸಿದರೆ ಹಲ್ಲು ಹಲ್ಲನ್ನು ತಿನ್ನುತ್ತದೆ.

ನನ್ನ ಮಟ್ಟಿಗೆ, ಅಪ್ಪನ ಗಾಡಿ ಅಂದ ಮೇಲೆ ಅವರು ಓಡಿಸಿದ ಎಂಜಿನ್ನೇ ಉಳಿಯಲಿ ಅನ್ನುತ್ತೇನೆ. ಮಿತ ವೇಗದಲ್ಲಿ ಓಡಿಸಿದರೆ ಒಳ್ಳೆಯ ಬ್ಯಾಬಿಟ್ ಬಹಳ ಬಾಳುತ್ತದೆ.

ಹಸಿರುಗಾಡಿ:
ಎಂಜಿನ್ ಉಳಿಸಿಕೊಳ್ಳುತ್ತೇನೆ. ಅದರ ಸದ್ದು ನನಗೆ ಬಾಲ್ಯದಿಂದ ಗೊತ್ತು.

ಬ್ರೇಕಿಗೆ ಬರೋಣ. ಮುಂದೆ ಹಕ್, ಹಿಂದೆ ಬೆಂಡಿಕ್ಸ್. ಹೀಗೇ ಬಿಡಬಹುದೇ?

ತಿರುಪು:
ಬಿಡಬೇಡಿ ಸಾರ್. ಬೆಂಡಿಕ್ಸ್‌ನಲ್ಲಿ ಒಂದು ಶೂ ಡ್ರಮ್ಮಿಗೆ ತಾಗಿದ ತಕ್ಷಣ ಡ್ರಮ್ಮಿನ ಸುತ್ತಾಟವೇ ಅದನ್ನ ಎಳೆದು ಇನ್ನೊಂದು ಶೂವನ್ನ ಒತ್ತುತ್ತೆ. ಹಾಗಾಗಿ ಕಾಲಿನ ಅದೇ ಒತ್ತಡಕ್ಕೆ ಹಿಡಿತ ಜಾಸ್ತಿ. ಹಿಂದೆ ಬಿಗಿ, ಮುಂದೆ ಸಡಿಲ ಆದರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಜಾಮ್ ಆಗಿ ಬಾಲ ಬೀಸುತ್ತೆ. ಖಾಲಿ ಪಿಕಪ್ಪಿಗೆ ಹಿಂದೆ ತೂಕವೇ ಇರಲ್ಲ. ಎರಡು ಕಡೆಯೂ ಒಂದೇ ತರದ್ದು ಮಾಡಿ.

ಮುಂದೆ ಬೆಂಡಿಕ್ಸ್ ಹಾಕೋದಾದರೆ ಬರೀ ಶೂ ತಂದರೆ ಆಗಲ್ಲ. ಬ್ಯಾಕಿಂಗ್ ಪ್ಲೇಟ್, ಸ್ಪ್ರಿಂಗ್, ಸಿಲಿಂಡರ್, ಸ್ಟಾರ್ ವೀಲ್ ಎಲ್ಲ ಒಂದೇ ಗಾಡಿಯಿಂದ ಬಿಚ್ಚಿದ ಪೂರ್ತಿ ಸೆಟ್ ತನ್ನಿ. ತರೋ ಮುಂಚೆ ನಿಮ್ಮ ಸ್ಪಿಂಡಲ್ಲಿನ ಬೋಲ್ಟ್ ರಂಧ್ರಗಳ ಮೇಲೆ ರಟ್ಟು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗುರುತು ತೆಗೀರಿ. ಆ ರಟ್ಟನ್ನ ಜೊತೆಗೆ ಒಯ್ದು ಮಾರೋರ ಪ್ಲೇಟಿನ ಮೇಲೆ ಇಟ್ಟು ನೋಡಿ. ಗಿಡ್ಡ ಲೈನರ್ (ಡ್ರಮ್ಮಿಗೆ ಉಜ್ಜೋ ಪಟ್ಟಿ) ಇರೋ ಶೂ ಮುಂಬದಿಗೆ, ಉದ್ದದ್ದು ಹಿಂಬದಿಗೆ, ನಾಲ್ಕೂ ಚಕ್ರದಲ್ಲಿ.

ರಬ್ಬರುಗಂಟು:
ಬ್ರೇಕ್ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೆಯ ದಾಸ್ತಾನು, ಕಂಪನಿಯ ಮೂಲ ಡಬ್ಬಿ, ಸೀಲ್ ಒಡೆದಿಲ್ಲ ಅಂತ ಯಾರಾದರೂ ವೀಲ್ ಸಿಲಿಂಡರ್ ಕಪ್ ಅಥವಾ ಬ್ರೇಕ್ ಹೋಸ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಲೋಹದ ಭಾಗಕ್ಕೆ ಹಳೆಯ ದಾಸ್ತಾನಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಗೇರು, ಹಿಡಿಕೆ, ದೀಪದ ಚೌಕಟ್ಟು ಕಣ್ಣು ಮುಚ್ಚಿ ತನ್ನಿ. ರಬ್ಬರ್ ಹಾಗಲ್ಲ. ಬಳಸದೇ ಇಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ನಾನು ಒಮ್ಮೆ ಡಬ್ಬಿಯ ಅಂದಕ್ಕೆ ಮರುಳಾಗಿ ಅಂಥ ಕಪ್ ಹಾಕಿದೆ, ಮೂರನೇ ವಾರಕ್ಕೆ ಪೆಡಲ್ ನೆಲಕ್ಕೆ ಹೋಯಿತು. ಗಾಡಿ ಅಂಗಳದಲ್ಲಿತ್ತು, ಯಾರಿಗೂ ಏನೂ ಆಗಲಿಲ್ಲ. ಆ ದಿನದ ಭಯ ಇನ್ನೂ ಇದೆ.

ಇಂಧನ ಪಂಪಿನ ಡಯಾಫ್ರಾಮ್, ಕಾರ್ಬುರೇಟರ್ ಕಿಟ್ಟಿಗೂ ಇದೇ ಮಾತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಹಳೆಯ ಕಾಲದ ಡಯಾಫ್ರಾಮ್ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ತಾಳುವಂಥದ್ದು ಅಂತ ಸ್ಪಷ್ಟವಾಗಿ ಬರೆದಿರುವ ಕಿಟ್ಟೇ ಬೇಕು.

ಇನ್ನೊಂದು, ಹಳೆಯ ಬ್ರೇಕ್ ಲೈನರ್, ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಮಾಡಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಕಿ. ಮಾಸ್ಕ್ ಇರಲಿ.

ತಂತಿಪೆಟ್ಟಿಗೆ:
ವೈರಿಂಗ್ ಮುಟ್ಟುವ ಮುಂಚೆ ನನ್ನದೂ ಒಂದು ಮಾತು. ನಿಮ್ಮದು 6 ವೋಲ್ಟ್. ಅದೇ ಕೆಲಸಕ್ಕೆ 12 ವೋಲ್ಟಿನ ಎರಡರಷ್ಟು ಕರೆಂಟ್ ಹರಿಯಬೇಕು. ಈಗ ಸಿಗುವ ಮಾಮೂಲಿ ಬ್ಯಾಟರಿ ಕೇಬಲ್ 12 ವೋಲ್ಟಿಗೆ ಮಾಡಿದ ತೆಳುವಾದದ್ದು. ಅದನ್ನು ಹಾಕಿ, ಸ್ಟಾರ್ಟರ್ ನಿಧಾನ ತಿರುಗುತ್ತದೆ ಅಂತ ಒಳ್ಳೆಯ ಸ್ಟಾರ್ಟರನ್ನು ಬಿಚ್ಚಿ ರಿಪೇರಿಗೆ ಕೊಟ್ಟವರನ್ನು ನೋಡಿದ್ದೇನೆ. 1 ಅಥವಾ 0 ಗೇಜಿನ ದಪ್ಪ ಕೇಬಲ್ ಹಾಕಿ, ಅರ್ತ್ ಪಟ್ಟಿ ಕೂರುವ ಜಾಗದ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ.

ಬಲ್ಬಿನ ಬುಡ ನೋಡಿ ಮೋಸ ಹೋಗಬೇಡಿ. 1154 ಅಂದರೆ 6 ವೋಲ್ಟ್, 1157 ಅಂದರೆ 12 ವೋಲ್ಟ್. ಎರಡೂ ಒಂದೇ ಹೋಲ್ಡರಿನಲ್ಲಿ ಕೂರುತ್ತವೆ. ತಪ್ಪಿ 1157 ಹಾಕಿದರೆ ಬ್ರೇಕ್ ದೀಪ ಮಿಣುಕು ಹುಳದಷ್ಟು ಉರಿಯುತ್ತದೆ.

ವೋಲ್ಟೇಜ್ ರೆಗ್ಯುಲೇಟರ್ ಡೈನಮೋಗೆ ಜೋಡಿಯಾಗಿರಬೇಕು. ಷೆವರ್ಲೆಯಲ್ಲಿರುವ ಡೆಲ್ಕೊ ಡೈನಮೋಗಳ ಫೀಲ್ಡ್ ಸುರುಳಿ ರೆಗ್ಯುಲೇಟರ್ ಮೂಲಕ ಅರ್ತ್ ಆಗುತ್ತದೆ, ಹಳೆಯ ಫೋರ್ಡಿನಲ್ಲಿ ಫೀಲ್ಡ್ ಒಳಗೇ ಅರ್ತ್ ಆಗಿರುತ್ತದೆ. ಹೊರನೋಟಕ್ಕೆ ಡಬ್ಬಿ ಒಂದೇ, ಅದಲುಬದಲು ಮಾಡಿದರೆ ಕೆಲಸ ಮಾಡುವುದಿಲ್ಲ, ಸುಡಲೂಬಹುದು.

ಎರಡುಗೇರು:
ನನ್ನ ಹತ್ತಿರ ಫೋರ್ಡ್ ಕೂಡ ಒಂದಿದೆ, ಅರವತ್ತರ ದಶಕದ್ದು. ಅದರಲ್ಲಿ ಭಾಗದ ಮೇಲಿನ ಸಂಖ್ಯೆ ಸಿ1ಟಿಇ ಅಂತ ಶುರುವಾಗುತ್ತದೆ, ಕ್ಯಾಟಲಾಗಿನಲ್ಲಿ ಸಿ1ಟಿಜಡ್ ಅಂತಿದೆ. ಎರಡೂ ಒಂದೇನಾ?

ಲೇತ್‌ಮನೆ:
ಫೋರ್ಡಿನವರ ಪದ್ಧತಿ ಓದಲು ಸುಲಭ. ಮೊದಲ ಅಕ್ಷರ ದಶಕ, ಸಿ ಅಂದರೆ ಅರವತ್ತರ ದಶಕ, ಡಿ ಅಂದರೆ ಎಪ್ಪತ್ತರದು. ಅಂಕಿ ವರ್ಷ, ಹಾಗಾಗಿ ಸಿ1 ಅಂದರೆ 1961. ಟಿ ಅಂದರೆ ಟ್ರಕ್ಕು. ನಾಲ್ಕನೆಯದು ಯಾವ ವಿಭಾಗದ ವಿನ್ಯಾಸ ಎನ್ನುವುದು, ಜಡ್ ಇದ್ದರೆ ಬಿಡಿಭಾಗವಾಗಿ ಮಾರಿದ್ದು. ನಡುವಿನ ಮೂಲ ಸಂಖ್ಯೆ ಭಾಗದ ಜಾತಿ ಹೇಳುತ್ತದೆ, 8005 ಅಂದರೆ ಯಾವ ಫೋರ್ಡಿನಲ್ಲೂ ರೇಡಿಯೇಟರ್ರೇ. ನಿಮ್ಮ ಪ್ರಶ್ನೆಗೆ ಉತ್ತರ, ಒಂದೇ ಆಗಿರಬಹುದು, ಆದರೆ ಭಾಗದ ಮೇಲಿನ ಸಂಖ್ಯೆಯ ನಾಲ್ಕನೇ ಅಕ್ಷರ ಬದಲಿಸಿಕೊಂಡು ಆರ್ಡರ್ ಮಾಡಬೇಡಿ. ಆ ಕಾಲದ ಬಿಡಿಭಾಗದ ಪುಸ್ತಕದಲ್ಲಿ ಚಿತ್ರ ನೋಡಿ, ಟಿಪ್ಪಣಿಯಲ್ಲಿ ಇಂಥ ಗಾಡಿ ಸಂಖ್ಯೆಯ ನಂತರ ಎಂದು ಬರೆದಿದೆಯೇ ಅಂತ ಓದಿ.

ತಿರುಪು:
ಬೋಲ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಗಾಡಿಯಲ್ಲಿ ಇರೋದು ಇಂಚಿನ ತಿರುಪು. 5/16 ಇಂಚಿನ ಒರಟು ತಿರುಪಿನ ರಂಧ್ರಕ್ಕೆ 8 ಮಿಲಿಮೀಟರ್ ಬೋಲ್ಟ್ ಒಂದೆರಡು ಸುತ್ತು ಹೋಗುತ್ತೆ, ಆಮೇಲೆ ಬಿಗಿಯಾಗುತ್ತೆ. ಬಿಗಿಯಾಯ್ತಲ್ಲ ಅಂತ ಸ್ಪ್ಯಾನರ್ ಹಾಕಿ ಎಳೆದರೆ ಎರಕದ ತಿರುಪೇ ಕಿತ್ತು ಬರುತ್ತೆ. ಒಂದರ ಅಂತರ 1.41 ಮಿಲಿಮೀಟರ್, ಇನ್ನೊಂದರದ್ದು 1.25. ಥ್ರೆಡ್ ಗೇಜ್ ಒಂದು ಜೇಬಲ್ಲಿರಲಿ. ಕೈಯಲ್ಲೇ ಕೊನೆವರೆಗೂ ತಿರುಗದ ಬೋಲ್ಟ್ ನಿಮ್ಮದಲ್ಲ.

ಹಳೇ ಡಾಡ್ಜ್ ಬಿಚ್ಚೋರಿಗೂ ಹೇಳಿಬಿಡ್ತೀನಿ, ಎಡಗಡೆ ಚಕ್ರದ ನಟ್ಟು ಎಡಮುರಿ ಇರುತ್ತೆ. ಪೈಪ್ ಹಾಕಿ ಎಳೆದು ಸ್ಟಡ್ ಮುರೀಬೇಡಿ.

ಹಸಿರುಗಾಡಿ:
ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಒಂದು ಉದ್ದನೆಯ ನೋಟ್‌ಬುಕ್ ಮಾಡಿದೆ. ಪ್ರತಿ ಭಾಗಕ್ಕೂ ಒಂದು ಪುಟ, ಅಳತೆ, ಮೇಲಿನ ಸಂಖ್ಯೆ, ಯಾವ ವರ್ಷದ್ದು ಅನ್ನಿಸುತ್ತದೆ, ಏಕೆ. ಕ್ಯಾಬಿನ್, ಬಾಗಿಲು, ಶಾಕ್, ಮುಂದಿನ ಆಕ್ಸಲ್ 1950. ಹಿಂದಿನ ಆಕ್ಸಲ್ 1951 ಅಥವಾ ಆಮೇಲಿನದು. ಎಂಜಿನ್ 1952, ಎರಕದ ಸಂಖ್ಯೆಯಿಂದ ಖಚಿತವಾಯಿತು.

ಹಿಂದಿನ ಆಕ್ಸಲಿನ ಆಯಿಲ್ ಸೀಲಿಗೆ ಪುಸ್ತಕದಲ್ಲಿದ್ದ ಸಂಖ್ಯೆ ಎಲ್ಲೂ ಸಿಗಲಿಲ್ಲ. ಶಾಫ್ಟಿನ ವ್ಯಾಸ, ಸೀಲ್ ಕೂರುವ ಗುಂಡಿಯ ವ್ಯಾಸ, ಅಗಲ, ಈ ಮೂರು ಅಳತೆ ಕೊಟ್ಟೆ, ಸಾಮಾನ್ಯ ಯಂತ್ರಗಳಿಗೆ ಸೀಲ್ ಮಾರುವವರ ಬಳಿಯೇ ಸಿಕ್ಕಿತು. ಹಳೆಯ ಸೀಲ್ ಶಾಫ್ಟಿನಲ್ಲಿ ಗೆರೆ ಕೊರೆದಿತ್ತು, ಅದಕ್ಕೆ ತೆಳುವಾದ ಸ್ಲೀವ್ ತೊಡಿಸಿದೆ. ಬೇರಿಂಗಿನ ಅಂಚಿನಲ್ಲಿ ಕೆತ್ತಿದ್ದ ಸಂಖ್ಯೆ ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಕಂಡಿತು, ಆ ಸಂಖ್ಯೆಯದು ಈಗಲೂ ತಯಾರಾಗುತ್ತಿದೆ.

ಹಿಂದಿನ ಎರಡೂ ಬ್ರೇಕ್ ಮುಗಿಯಿತು. ರಟ್ಟಿನ ಅಚ್ಚು ಹಿಡಿದುಕೊಂಡು ಮುಂದಿನದಕ್ಕೆ ಬೆಂಡಿಕ್ಸ್ ಸೆಟ್ ನೋಡಲು ಹೋದೆ. ಮೊದಲು ನೋಡಿದ ಎರಡು ಹೊಂದಲಿಲ್ಲ, ಮೂರನೆಯದು ರಂಧ್ರಕ್ಕೆ ರಂಧ್ರ ಕೂತಿತು. ಬರುವ ವಾರ ಜೋಡಿಸುತ್ತೇನೆ. ಬಿಚ್ಚಿದ ಹಕ್ ಶೂ, ಪ್ಲೇಟು, ಸಿಲಿಂಡರ್ ಗುಜರಿಗೆ ಹಾಕಬಹುದೇ?

ಕೀಲೆಣ್ಣೆ:
ಹಾಕಬೇಡಿ. ಪ್ಲೇಟಿಗೆ ಎಣ್ಣೆ ಸವರಿ, ಎಡ ಬಲ ಅಂತ ಚೀಟಿ ಕಟ್ಟಿ ಒಣಗಿದ ಜಾಗದಲ್ಲಿಡಿ. ಸವೆದ ಶೂವಿಗೆ ಹೊಸ ಲೈನರ್ ಅಂಟಿಸಿ ಕೊಡುವವರಿದ್ದಾರೆ, ಅವರಿಗೂ ಹಳೆಯ ಶೂವಿನ ಕಬ್ಬಿಣ ಬೇಕು. ಮುಂದಿನ ತಿಂಗಳು 1949ರ ಗಾಡಿಯವರೊಬ್ಬರು ಇಲ್ಲೇ ಬಂದು ಹಕ್ ಶೂ ಕೇಳಿದರೆ, ಮೂಲದ ಅಳತೆಯದು ನಿಮ್ಮ ಕಪಾಟಿನಲ್ಲೇ ಇರುತ್ತದೆ.